ಮೊಬೈಲ್ ಗಾಲ್ಫ್: 14 ಕ್ಲಬ್‌ನಲ್ಲಿ ಯಾವುದು ಇಡಬೇಕು, ಯಾವುದು ತೆಗೆಯಬೇಕು? ಡ್ರೈವರ್‌ಗೆ ಕಾಯಿನ್ ಸುರಿಯುವ ಮುಂಚೆ ಹೇಳ್ರಿ

ಕೋಟೆಗುಡ್ಡ (ಬಳ್ಳಾರಿ):
ಎಲ್ಲರಿಗೂ ನಮಸ್ಕಾರ. ಆಟದಲ್ಲಿ ಒಂದಿಷ್ಟು ಕಾಯಿನ್ ಕೂಡಿದೆ. ಒಂದು ದೊಡ್ಡ ಖರೀದಿ ಮಾಡಬಹುದು, ಇಲ್ಲವೇ ಎರಡು ಸಣ್ಣವು. ಅಂಗಡಿಯಲ್ಲಿ ಒಂದು ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್, ಅಂದರೆ ಕೋಲು) ಬಂದಿದೆ. ನನ್ನದಕ್ಕಿಂತ 15 ಗಜ ಜಾಸ್ತಿ ಹೋಗುತ್ತದೆ. ಬೆರಳು ತುರಿಸುತ್ತಿದೆ. ಅದಕ್ಕೇ ಮೊದಲು ಇಲ್ಲಿ ಕೇಳೋಣ ಅಂತ ಬಂದೆ.

ಇದು ಗಾಲ್ಫ್ ಕ್ಲಾಶ್ ಅನ್ನುವ ಇನ್ನೊಂದು ಮೊಬೈಲ್ ಆಟದ ಬಗ್ಗೆ ಅಲ್ಲ. ಅದರಲ್ಲಿ ಡ್ರೈವರ್, ವುಡ್, ಲಾಂಗ್ ಐರನ್, ಶಾರ್ಟ್ ಐರನ್, ವೆಜ್, ರಫ್ ಐರನ್, ಸ್ಯಾಂಡ್ ವೆಜ್ ಅಂತ ಏಳು ಬಗೆ, ಬಗೆಗೆ ಒಂದೇ ಕ್ಲಬ್. ಅಲ್ಲಿ ಈ ತಲೆನೋವೇ ಇಲ್ಲ. ನಾನು ಹೇಳುತ್ತಿರುವುದು ನಮ್ಮ ಗುಂಪು ರಾತ್ರಿ ಆಡುವ ಆಟ, ನಿಜವಾದ ಗಾಲ್ಫಿನ ಹಾಗೆ 14 ಜಾಗದ ಬ್ಯಾಗ್ ಇರುವುದು.

ನನ್ನ ಬ್ಯಾಗ್ ಹೀಗಿದೆ. ಪೂರ್ತಿ ಎಳೆದರೆ ಹೋಗುವ ದೂರ ಗಜದಲ್ಲಿ: ಡ್ರೈವರ್ 250, 3 ವುಡ್ 225, 5 ವುಡ್ 210, 3 ಹೈಬ್ರಿಡ್ 200, 3 ಐರನ್ 195, 4 ಐರನ್ 185, 5 ಐರನ್ 175, 6 ಐರನ್ 163, 7 ಐರನ್ 150, 8 ಐರನ್ 138, 9 ಐರನ್ 125, ಪಿಚಿಂಗ್ ವೆಜ್ 110, ಸ್ಯಾಂಡ್ ವೆಜ್ 80, ಆಮೇಲೆ ಚೆಂಡನ್ನು ಗುಂಡಿಗೆ ಉರುಳಿಸುವ ಪಟರ್.

ಒಂದು ಹೋಲ್‌ಗೆ ಗೊತ್ತುಮಾಡಿದ ಹೊಡೆತದ ಲೆಕ್ಕ ಪಾರ್, ಅದಕ್ಕಿಂತ ಒಂದು ಕಡಿಮೆ ಬರ್ಡಿ, ಒಂದು ಜಾಸ್ತಿ ಬೋಗಿ. ನನಗೆ ಬರ್ಡಿ ಬರುತ್ತಿಲ್ಲ. ಪಾರ್, ಪಾರ್, ಬೋಗಿ, ಮತ್ತೆ ಪಾರ್. ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಮುಗಿಸಿ ಬಂದು ಇದನ್ನೇ ನೋಡುವುದು ಬೇಜಾರು. ಏನು ಮಾಡಲಿ?

ಶಕ್ತಿನಗರ ಶಿಫ್ಟ್ (ರಾಯಚೂರು):
ಇದನ್ನೂ ಕೇಳಬೇಕಾ ಅಣ್ಣಾ? ಡ್ರೈವರ್ ತಗೊಳ್ಳಿ. ಪ್ರತಿ ಪಾರ್ 4, ಪಾರ್ 5 ಹೋಲ್‌ನಲ್ಲೂ 15 ಗಜ ಉಳಿಯಿತು. ನಿಮ್ಮ ಐರನ್‌ಗಳ ನಡುವೆ 12, 13 ಗಜದ ಅಂತರ ಇದೆ. ಅಂದರೆ 7 ಐರನ್ ಹೊಡೆಯುವ ಕಡೆ 8 ಐರನ್ ಸಾಕು. ಚಿಕ್ಕ ಐರನ್ ಅಂದರೆ ಚೆಂಡು ಬಾವುಟದ ಹತ್ತಿರ ನಿಲ್ಲುತ್ತದೆ. ಲೆಕ್ಕ ಮುಗಿಯಿತು.

ತೋರಣಗಲ್ ಉಕ್ಕು:
ಶಕ್ತಿನಗರ ಹೇಳಿದ್ದಕ್ಕೆ ನನ್ನ ಓಟು. ಈ ಆಟದಲ್ಲಿ ಉದ್ದ ಹೊಡೆಯುವವನೇ ರಾಜ.

ಬ್ಯಾಗ್ ಹೊತ್ತವ (ಯಲಬುರ್ಗಾ):
ಸ್ವಲ್ಪ ತಡೀರಿ ತಮ್ಮಂದಿರಾ. ನಾನು ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿ, ಅಂದರೆ ಆಟಗಾರರ ಬ್ಯಾಗ್ ಹೊರುವವನು, ಆಗಿದ್ದವನು. ಈಗ ಊರಲ್ಲಿದ್ದೇನೆ, ಹೊಲ ನೋಡಿಕೊಂಡು, ಸಂಜೆ ಮೊಬೈಲ್‌ನಲ್ಲಿ ಚೆಂಡು ಹೊಡೆದುಕೊಂಡು. ಡ್ರೈವರ್ ಪುರಾಣ ಆಮೇಲೆ. ಮೊದಲು ಕೋಟೆಗುಡ್ಡ ಅವರ ಪಟ್ಟಿಯನ್ನು ಇನ್ನೊಂದು ಸಲ ಓದಿ. ದೂರ ಓದಬೇಡಿ, ಒಂದು ಕ್ಲಬ್‌ಗೂ ಮುಂದಿನದಕ್ಕೂ ನಡುವೆ ಎಷ್ಟಿದೆ ಅಂತ ಓದಿ.

210, 200, 195, 185. ಈ 25 ಗಜದೊಳಗೆ ನಾಲ್ಕು ಕ್ಲಬ್ ಕೂತಿವೆ. ಕೆಳಗೆ ಬನ್ನಿ. 110 ಆದ ಮೇಲೆ ಸೀದಾ 80. ಆ 30 ಗಜಕ್ಕೆ ಒಂದೂ ಇಲ್ಲ. ಜೀನ್ಸ್ ಯೂನಿಟ್‌ನವರು ನೀವು, ನಿಮಗೆ ಬೇಗ ತಿಳಿಯುತ್ತದೆ: ಸೊಂಟ 40, 41, 42, 43 ಎಲ್ಲ ಸ್ಟಾಕ್ ಇದೆ, 32 ಮಾತ್ರ ಇಲ್ಲ. ಅಂಗಡಿಗೆ ದಿನಾ ಬರುವ ಗಿರಾಕಿ ಯಾವ ಸೈಜಿನವನು?

ಈ ಖಾಲಿ ಜಾಗ ಹೇಗೆ ಬಂತು ಅಂತಲೂ ಹೇಳುತ್ತೇನೆ. ಕ್ಲಬ್‌ನ ಮುಖ ಎಷ್ಟು ಓರೆ ಇದೆ ಅನ್ನುವುದೇ ಲಾಫ್ಟ್. ಡ್ರೈವರ್‌ನಲ್ಲಿ 9ರಿಂದ 12 ಡಿಗ್ರಿ, 3 ವುಡ್ ಸುಮಾರು 15. ಐರನ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ 3ರಿಂದ 4 ಡಿಗ್ರಿ ವ್ಯತ್ಯಾಸ. ಹಿಂದಿನ ಕಾಲದ ಸೆಟ್‌ಗಳಲ್ಲಿ ಪಿಚಿಂಗ್ ವೆಜ್ 50 ಡಿಗ್ರಿ ಆಸುಪಾಸು ಇರುತ್ತಿತ್ತು. ಸ್ಯಾಂಡ್ ವೆಜ್ 56. ನಡುವೆ ಸಂದು ಕಡಿಮೆ. ಆಮೇಲೆ ಕಂಪನಿಗಳು 'ನಮ್ಮ 7 ಐರನ್ ಜಾಸ್ತಿ ದೂರ ಹೋಗುತ್ತದೆ' ಅಂತ ತೋರಿಸೋಕೆ ಲಾಫ್ಟ್ ಕಡಿಮೆ ಮಾಡುತ್ತಾ ಬಂದವು. ಈಗ ಪಿಚಿಂಗ್ ವೆಜ್ 44, 45ಕ್ಕೆ ಇಳಿದಿದೆ. ಸ್ಯಾಂಡ್ ವೆಜ್ ಮಾತ್ರ 56ರಲ್ಲೇ ನಿಂತಿದೆ. ನಡುವೆ ಬಿದ್ದ ಬಿರುಕು ಮುಚ್ಚೋಕೆ ಗ್ಯಾಪ್ ವೆಜ್ ಅಂತ ಇನ್ನೊಂದು ಮಾರಿದರು, 50ರಿಂದ 52 ಡಿಗ್ರಿದು. ಬಿರುಕು ಮಾಡಿದವರೂ ಅವರೇ, ಸಿಮೆಂಟ್ ಮಾರಿದವರೂ ಅವರೇ!

ಆಟ ಮಾಡಿದವರು ಈ ಲಾಫ್ಟ್‌ಗಳನ್ನೇ ಎತ್ತಿಕೊಂಡಿದ್ದಾರೆ. ಹಾಗಾಗಿ ನಿಮ್ಮ ಬ್ಯಾಗ್‌ನಲ್ಲೂ ಅದೇ ಬಿರುಕು. 52 ಡಿಗ್ರಿ ವೆಜ್ ತಗೊಳ್ಳಿ. ಅಂಗಡಿಯಲ್ಲಿ ಅದರ ದೂರ ಎಷ್ಟು ತೋರಿಸುತ್ತಿದೆ?

ಕೋಟೆಗುಡ್ಡ (ಬಳ್ಳಾರಿ):
96 ಗಜ ತೋರಿಸುತ್ತಿದೆ ಕಾಕಾ. ಅದರ ಪಕ್ಕ 60 ಡಿಗ್ರಿದೂ ಇದೆ, 65 ಗಜ. ಎರಡೂ ಸೇರಿದರೆ ಡ್ರೈವರ್‌ನ ಬೆಲೆ.

ಬ್ಯಾಗ್ ಹೊತ್ತವ (ಯಲಬುರ್ಗಾ):
110, 96, 80, 65. ಮೆಟ್ಟಿಲು ಸರಿಯಾಯಿತು ನೋಡ್ರಿ.

ಶಕ್ತಿನಗರ ಶಿಫ್ಟ್ (ರಾಯಚೂರು):
ಕಾಕಾ, ಒಪ್ಪಿದೆ. ಆದರೆ 95 ಗಜದಿಂದ ಪಿಚಿಂಗ್ ವೆಜ್ಜನ್ನೇ ಕಡಿಮೆ ಎಳೆದರೆ ಆಯಿತಲ್ಲ. ಎಷ್ಟು ಎಳೆದೆವು ಅಂತ ತೋರಿಸುವ ಮೀಟರ್ ಇರುವುದೇ ಅದಕ್ಕೆ. ಅರ್ಧ ಎಳೆದರೆ ಅರ್ಧ ದೂರ. ಒಂದು ಕ್ಲಬ್ ಜಾಗ ಸುಮ್ನೆ ಯಾಕೆ ಹಾಳು?

ಗಂಗಾವತಿ ಸೋನಾ:
ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಪ್ರತಿ ರೌಂಡ್ ಬರೆದಿಡುವವಳು. ಮನೆಯಲ್ಲಿ ನಗುತ್ತಾರೆ, ನಗಲಿ.

110 ಗಜದ ವೆಜ್‌ನಲ್ಲಿ 95 ಹೊಡೆಯಬೇಕು ಅಂದರೆ ಮೀಟರ್‌ನಲ್ಲಿ ಶೇಕಡಾ 86ಕ್ಕೆ ನಿಲ್ಲಿಸಬೇಕು. ಮೀಟರ್ ಮೇಲೆ ಕಾಲು, ಅರ್ಧ, ಮುಕ್ಕಾಲು ಗೆರೆ ಇವೆ. 86ಕ್ಕೆ ಗೆರೆ ಇಲ್ಲ. ಕಣ್ಣಂದಾಜು. ಪೂರ್ತಿ ಎಳೆಯುವುದಾದರೆ ಕೊನೆಯ ಗೆರೆ ಇದೆ, ಅಲ್ಲಿ ಬೆರಳು ಬಿಟ್ಟರೆ ಮುಗಿಯಿತು. ಇದು ಒಂದು.

ಎರಡನೆಯದು ದೊಡ್ಡದು. ಕಡಿಮೆ ಎಳೆದಾಗ ದೂರ ಮಾತ್ರ ಕಡಿಮೆಯಾಗುವುದಿಲ್ಲ, ಹಿಂದಕ್ಕೆ ತಿರುಗುವ ಸ್ಪಿನ್ನೂ ಕಡಿಮೆಯಾಗುತ್ತದೆ. ಚೆಂಡು ತಗ್ಗಿನಲ್ಲಿ ಹೋಗಿ ಗ್ರೀನ್ (ಗುಂಡಿಯ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ಬಿದ್ದು ಓಡುತ್ತದೆ. 52 ವೆಜ್‌ನಿಂದ ಪೂರ್ತಿ ಹೊಡೆದರೆ ಮೇಲಿಂದ ಬಿದ್ದು ಒಂದು ಕುಪ್ಪಳ ಹಾಕಿ ನಿಲ್ಲುತ್ತದೆ. ನನ್ನ ಪುಸ್ತಕದಲ್ಲಿ ಅರ್ಧಂಬರ್ಧ ಎಳೆದ ವೆಜ್‌ಗಳ ಪಕ್ಕ ಬರೆದಿರುವುದು ಹೆಚ್ಚಾಗಿ 'ದಾಟಿ ಹೋಯಿತು' ಅಂತ.

ಇನ್ನು ನಿಮ್ಮ ಡ್ರೈವರ್ ಲೆಕ್ಕ. 350 ಗಜದ ಪಾರ್ 4 ತಗೊಳ್ಳಿ. ಕೋಟೆಗುಡ್ಡ ಅವರು 250 ಹೊಡೆದರೆ ಉಳಿಯುವುದು 100. ಹೊಸ ಡ್ರೈವರ್‌ನಲ್ಲಿ 265 ಹೊಡೆದರೆ 85. 100 ಕೂಡ ಆ ಖಾಲಿ ಜಾಗದಲ್ಲೇ ಇದೆ, 85 ಕೂಡ ಅಲ್ಲೇ. 375 ಗಜದ ಹೋಲ್ ಆದರೆ ಇನ್ನೂ ಚೆಂದ. ಈಗಿನ ಡ್ರೈವರ್‌ನಲ್ಲಿ 125 ಉಳಿಯುತ್ತದೆ, 9 ಐರನ್‌ಗೆ ಸರಿಯಾಗಿ. ಹೊಸದರಲ್ಲಿ 110, ಅದೂ ಸರಿ. 385 ಆದರೆ? ಆಗ 135 ಇದ್ದದ್ದು 120 ಆಗುತ್ತದೆ, ಏನೂ ಲಾಭ ಇಲ್ಲ. ಉದ್ದ ಹೊಡೆದಷ್ಟೂ ನೀವು ವೆಜ್ ಇರುವ ಕಡೆಗೇ ಹೋಗಿ ಬೀಳುತ್ತೀರಿ, ಅಲ್ವಾ? ಅಲ್ಲಿ ವೆಜ್ ಇಲ್ಲದಿದ್ದರೆ ಹೋಗಿ ಏನು ಮಾಡುವುದು?

ಶಕ್ತಿನಗರ ಶಿಫ್ಟ್ (ರಾಯಚೂರು):
ಅಕ್ಕಾ, ನೀವು ಬೇಕಂತಲೇ 350 ಆರಿಸಿಕೊಂಡಿರಿ. 430 ಗಜದ ಪಾರ್ 4 ಹೇಳಿ. 180 ಉಳಿಯುವ ಕಡೆ 165 ಉಳಿಯುತ್ತದೆ. 4 ಐರನ್ ಬದಲು 6 ಐರನ್. ಅಲ್ಲಿ ಲಾಭ ಇದೆಯೋ ಇಲ್ಲವೋ?

ಗಂಗಾವತಿ ಸೋನಾ:
ಇದೆ. ಇಲ್ಲ ಅನ್ನಲಿಲ್ಲ. ನಮ್ಮ ಹಂತದ ಟೀಯಿಂದ (ಮೊದಲ ಹೊಡೆತದ ಜಾಗ) 430 ಗಜದ ಪಾರ್ 4 ಒಂದು ರೌಂಡ್‌ನಲ್ಲಿ ಎಷ್ಟು ಸಿಗುತ್ತವೆ, ನೀವೇ ಎಣಿಸಿ ಹೇಳಿ.

ಹಟ್ಟಿ ಮೂರನೇ ಪಾಳಿ:
ಎಣಿಸುವ ಮಾತು ಬಂದಿದ್ದಕ್ಕೆ ಒಂದು. ಪಾರ್ 72 ಅಂದರೆ ಅದರಲ್ಲಿ 36 ಪಟ್ಟಿಂಗ್‌ಗೆ ಅಂತಲೇ ಬಿಟ್ಟಿರುತ್ತಾರೆ, ಹೋಲ್‌ಗೆ ಎರಡರ ಹಾಗೆ. ಸಾಮಾನ್ಯವಾಗಿ 18ರಲ್ಲಿ ನಾಲ್ಕು ಪಾರ್ 3 ಇರುತ್ತವೆ. ಅಲ್ಲಿ ಡ್ರೈವರ್ ಎತ್ತುವುದಿಲ್ಲ. ಅಂದರೆ ಡ್ರೈವರ್ ಜಾಸ್ತಿ ಅಂದರೆ 14 ಸಲ. ಪಟರ್ 36 ಸಲ. ಇಷ್ಟು ಮಂದಿ ಮಾತಾಡಿದಿರಿ, ಪಟರ್ ಬಗ್ಗೆ ಒಬ್ಬರಾದರೂ ಬಾಯಿ ಬಿಟ್ಟಿರಾ?

ಕೋಟೆಗುಡ್ಡ ಅಣ್ಣಾ, ನಿಮ್ಮ ಪಟರ್ ಯಾವುದು? ಆಟ ಶುರು ಮಾಡಿದಾಗ ಕೊಟ್ಟ ಪುಕ್ಕಟೆದೇ?

ಕೋಟೆಗುಡ್ಡ (ಬಳ್ಳಾರಿ):
ಹೌದು, ಅದೇ.

ಹಟ್ಟಿ ಮೂರನೇ ಪಾಳಿ:
ಅಲ್ಲಿದೆ ನೋಡಿ ನಿಮ್ಮ ಬರ್ಡಿ.

ಕುಷ್ಟಗಿ ಗಾಳಿ:
ನಾನು ಗಾಳಿ ಫ್ಯಾನ್‌ಗಳ ಮೆಂಟೆನೆನ್ಸ್‌ನಲ್ಲಿ ಇರುವವನು. ದಿನವಿಡೀ ಗಾಳಿ ಅಳೆಯುವುದೇ ಕೆಲಸ. ಹಾಗಾಗಿ ಗಾಳಿ ಬಿಟ್ಟು ಬ್ಯಾಗ್ ತುಂಬುವ ಮಾತು ಕೇಳಿದರೆ ಸುಮ್ಮನಿರಲು ಆಗುವುದಿಲ್ಲ.

ಪರದೆ ಮೇಲೆ 15 ಅಂತ ಬಂದರೆ ಅದು ಗಂಟೆಗೆ 15 ಮೈಲಿ. ನಮ್ಮ ಲೆಕ್ಕದಲ್ಲಿ ಗಂಟೆಗೆ 24 ಕಿಲೋಮೀಟರ್, ಸೆಕೆಂಡಿಗೆ 6.7 ಮೀಟರ್. ಸಣ್ಣ ಗಾಳಿ ಅಲ್ಲ. ನಿಜವಾದ ಗಾಲ್ಫಿನಲ್ಲಿ ಆಟಗಾರರು ಇಟ್ಟುಕೊಳ್ಳುವ ಒರಟು ಲೆಕ್ಕ ಏನೆಂದರೆ, ಎದುರು ಗಾಳಿಗೆ ಒಂದು ಮೈಲಿಗೆ ಶೇಕಡಾ 1 ಜಾಸ್ತಿ ದೂರ ಹಿಡಿಯಬೇಕು. ಹಿಂದಿನಿಂದ ಬೀಸಿದರೆ ಅದರ ಅರ್ಧ ಮಾತ್ರ ಕಡಿಮೆ ಮಾಡಬೇಕು. ಎರಡೂ ಸಮ ಅಲ್ಲ. ಯಾಕೆ ಅಂದರೆ ಚೆಂಡಿಗೆ ಹಿಂದಕ್ಕೆ ತಿರುಗುವ ಸ್ಪಿನ್ ಇದೆ. ಎದುರು ಗಾಳಿ ಚೆಂಡನ್ನು ತಡೆಯುವುದಲ್ಲದೆ ಮೇಲಕ್ಕೂ ಎತ್ತುತ್ತದೆ. ಚೆಂಡು ಆಕಾಶಕ್ಕೆ ಏರಿ, ಅಲ್ಲೇ ಸುಸ್ತಾಗಿ, ನೆಟ್ಟಗೆ ಕೆಳಗೆ ಬೀಳುತ್ತದೆ. ಹಿಂದಿನ ಗಾಳಿ ತಳ್ಳುತ್ತದೆ ನಿಜ, ಆದರೆ ಎತ್ತುವ ಬಲವನ್ನು ಕಿತ್ತುಕೊಳ್ಳುತ್ತದೆ. ಚೆಂಡು ಬೇಗ ಇಳಿಯುತ್ತದೆ. ಅದಕ್ಕೇ ಲಾಭ ಅರ್ಧ.

ಈಗ ನಿಮ್ಮ ಬ್ಯಾಗ್‌ಗೆ ಹಾಕಿ ನೋಡೋಣ. ಬಾವುಟ 150 ಗಜದಲ್ಲಿದೆ, ಎದುರು ಗಾಳಿ 15. ಶೇಕಡಾ 15 ಅಂದರೆ 22 ಗಜ. 172 ಹೊಡೆಯಬೇಕು. ನಿಮ್ಮ 5 ಐರನ್. ಅದೇ ಹಿಂದಿನ ಗಾಳಿ ಇದ್ದರೆ 11 ಗಜ ಕಡಿಮೆ, 8 ಐರನ್. ಅಂದರೆ ಒಂದೇ ಹೋಲ್, ಒಂದೇ ಜಾಗ, ಗಾಳಿ ತಿರುಗಿದರೆ ಮೂರು ಕ್ಲಬ್ ವ್ಯತ್ಯಾಸ. ಆದ್ದರಿಂದ 5, 6, 7, 8 ಯಾವುದನ್ನೂ ಮುಟ್ಟಬೇಡಿ. 4 ಕೂಡ ಇರಲಿ. 3 ಐರನ್ ಹೊರಗೆ ಹೋದರೆ ನಷ್ಟ ಇಲ್ಲ, 3 ಹೈಬ್ರಿಡ್ ಇದೆಯಲ್ಲ.

ನಮ್ಮ ಆಟ ಈ ಅರ್ಧದ ಲೆಕ್ಕವನ್ನು ಪೂರ್ತಿ ಪಾಲಿಸುತ್ತದಾ ಅಂದರೆ, ಎದುರು ಗಾಳಿಗೆ ಹತ್ತಿರ ಹತ್ತಿರ ಸರಿ ಬರುತ್ತದೆ. ಹಿಂದಿನ ಗಾಳಿಗೆ ನೀವೇ ಪ್ರಾಕ್ಟೀಸ್ ರೇಂಜ್‌ನಲ್ಲಿ ಹೊಡೆದು ನೋಡಿಕೊಳ್ಳಿ.

ಶಕ್ತಿನಗರ ಶಿಫ್ಟ್ (ರಾಯಚೂರು):
ಗಾಳಿ ಬಂತು, ಬಿಸಿಲು ಯಾಕೆ ಬರಲಿಲ್ಲ? ರಾಯಚೂರಿನ ಮೇ ತಿಂಗಳ ಬಿಸಿಲು ಆಟದಲ್ಲಿ ಹಾಕಿದರೆ ನನ್ನ ಡ್ರೈವರ್ 300 ದಾಟುತ್ತದೆ.

ಕುಷ್ಟಗಿ ಗಾಳಿ:
ನಗಬೇಡಿ, ಅದರಲ್ಲೂ ಸತ್ಯ ಇದೆ. ಬಿಸಿ ಗಾಳಿ ಹಗುರ. ಚೆಂಡಿಗೆ ತಡೆ ಕಡಿಮೆ. ಬೇಸಿಗೆ ಮಧ್ಯಾಹ್ನ ಚೆಂಡು ನಾಲ್ಕಾರು ಗಜ ಜಾಸ್ತಿ ಹೋಗುವುದು ನಿಜ. 300 ಆಗುವುದಿಲ್ಲ. ಹೊಡೆಯುವವನು ಉಳಿದರೆ ತಾನೇ.

ತೋರಣಗಲ್ ಉಕ್ಕು:
ಎಲ್ಲರೂ ಸೇರಿ ಉದ್ದ ಕ್ಲಬ್‌ಗಳನ್ನು ಬ್ಯಾಗ್‌ನಿಂದ ಓಡಿಸುವ ಹಾಗೆ ಕಾಣುತ್ತಿದೆ. ನಾನು ಬಿಡುವುದಿಲ್ಲ. ಕ್ಯಾಡಿ ಕಾಕಾ 5 ವುಡ್ ಕೂಡ ಜಾಸ್ತಿ ಅಂದಂತಿದೆ. 5 ವುಡ್ ತೆಗೆದರೆ ಪಾರ್ 5ರಲ್ಲಿ ಎರಡನೇ ಹೊಡೆತಕ್ಕೆ ಏನು ಹಿಡಿಯುವುದು? 470 ಗಜದ ಪಾರ್ 5, ಡ್ರೈವರ್ 250, ಉಳಿದದ್ದು 220. 3 ವುಡ್ ಹೊಡೆದರೆ ಗ್ರೀನ್ ದಾಟಿ ಓಡಿಹೋಗುತ್ತದೆ. 5 ವುಡ್ ಸರಿಯಾಗಿ ಗ್ರೀನ್ ಮುಂದೆ ಬಿದ್ದು ಉರುಳಿಕೊಂಡು ಮೇಲೆ ಹತ್ತುತ್ತದೆ. ಎರಡು ಪಟ್, ಬರ್ಡಿ. ಒಂದು ಪಟ್ ಬಿದ್ದರೆ ಈಗಲ್, ಪಾರ್‌ಗಿಂತ ಎರಡು ಕಡಿಮೆ. ನಿಮ್ಮ 52 ವೆಜ್ ಎಂದಾದರೂ ಈಗಲ್ ಕೊಟ್ಟಿದೆಯಾ?

ದೊಡ್ಡವರೂ ಹೀಗೇ ಮಾಡಿದ್ದಾರೆ. 2006ರಲ್ಲಿ ಅಮೆರಿಕದ ಫಿಲ್ ಮಿಕೆಲ್ಸನ್ ಮಾಸ್ಟರ್ಸ್ ಪಂದ್ಯಾವಳಿ ಗೆದ್ದದ್ದು ಬ್ಯಾಗ್‌ನಲ್ಲಿ ಎರಡು ಡ್ರೈವರ್ ಇಟ್ಟುಕೊಂಡು. ಒಂದಲ್ಲ, ಎರಡು!

ಬ್ಯಾಗ್ ಹೊತ್ತವ (ಯಲಬುರ್ಗಾ):
ಗೆದ್ದದ್ದು ನಿಜ. ಅದೇ ಮಿಕೆಲ್ಸನ್ 2008ರ ಯು.ಎಸ್. ಓಪನ್‌ನಲ್ಲಿ ಟೊರಿ ಪೈನ್ಸ್‌ನ ಮೊದಲ ಸುತ್ತುಗಳಿಗೆ ಡ್ರೈವರ್ ಇಲ್ಲದೆಯೇ ಇಳಿದಿದ್ದೂ ನಿಜ. ಅವತ್ತು ಗೆಲ್ಲಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಹಿಡಿದುಕೊಳ್ಳುತ್ತೀರಿ. ಮೈದಾನ ನೋಡಿ ಬ್ಯಾಗ್ ಬದಲಾಯಿಸುವವನು ಅವನು. ನಾವೂ ಬದಲಾಯಿಸಬಹುದು. ರೌಂಡ್ ಶುರುವಾಗುವ ಮುಂಚೆ ಆಟ ಬಿಡುತ್ತದೆ. ಶುರುವಾದ ಮೇಲೆ ಬಿಡುವುದಿಲ್ಲ.

ಎರಡು ಡ್ರೈವರ್ ಅಂದಾಗ ನನಗೆ ನೆನಪಾಗುವುದು ಬೇರೆಯದು. 2001ರ ಬ್ರಿಟಿಷ್ ಓಪನ್, ಕೊನೆಯ ದಿನ. ಇಯಾನ್ ವೂಸ್ನಮ್ ಮೊದಲ ಹೋಲ್‌ನಲ್ಲಿ ಚೆಂದದ ಹೊಡೆತ ಹೊಡೆದು ಬರ್ಡಿ ಮಾಡಿದ. ಎರಡನೇ ಟೀ ಹತ್ತಿರ ಬಂದಾಗ ಕ್ಯಾಡಿ ಹೇಳಿದ, ಬ್ಯಾಗ್‌ನಲ್ಲಿ 15 ಕ್ಲಬ್ ಇವೆ ಅಂತ. ಬೆಳಿಗ್ಗೆ ಪ್ರಾಕ್ಟೀಸ್‌ಗೆ ತಂದ ಇನ್ನೊಂದು ಡ್ರೈವರ್ ಒಳಗೇ ಉಳಿದಿತ್ತು. ಎರಡು ಹೊಡೆತದ ದಂಡ. ಕೊನೆಗೆ ಮೂರನೇ ಸ್ಥಾನ ಹಂಚಿಕೊಂಡ. ಕ್ಯಾಡಿ ಕೆಲಸ ಮಾಡಿದವರ ಮುಂದೆ ಈ ಕಥೆ ಹೇಳಿದರೆ ಯಾರೂ ನಗುವುದಿಲ್ಲ, ಹೊಟ್ಟೆ ತೊಳಸುತ್ತದೆ.

14ರ ಮಿತಿ ಬಂದದ್ದು 1938ರಲ್ಲಿ ಅಮೆರಿಕದಲ್ಲಿ, ಮರುವರ್ಷ ಬ್ರಿಟನ್‌ನಲ್ಲಿ. ಅದಕ್ಕೂ ಮುಂಚೆ 20ಕ್ಕಿಂತ ಜಾಸ್ತಿ ತುಂಬಿಕೊಂಡು ಬರುವವರಿದ್ದರು. ಹೊರುವವನ ಬೆನ್ನು ಏನಾಗಬೇಕು? ಆಟದಲ್ಲಿ 15ನೆಯದನ್ನು ಹಾಕಲು ಹೋದರೆ ಜಾಗವೇ ಇಲ್ಲ ಅನ್ನುತ್ತದೆ, ಅಷ್ಟರ ಮಟ್ಟಿಗೆ ಮೊಬೈಲ್ ಒಳ್ಳೆಯದು.

ಸಿಂಧನೂರು ಕಾಲುವೆ:
ಉದ್ದ ಹೊಡೆದವನೇ ರಾಜ ಅಂದರಲ್ಲ ತೋರಣಗಲ್ ಅಣ್ಣ, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನೆನಪಿಲ್ಲವಾ? ಟೋಕಿಯೊ ಒಲಿಂಪಿಕ್ಸ್, 2021ರ ಆಗಸ್ಟ್. ಡ್ರೈವ್ ದೂರದಲ್ಲಿ ಆಕೆ ತೀರಾ ಹಿಂದೆ. ಜೊತೆಗಿದ್ದವರ ಚೆಂಡು ಎಷ್ಟೋ ಮುಂದೆ ಹೋಗಿ ಕೂತಿರುತ್ತಿತ್ತು. ಆದರೂ ನಾಲ್ಕನೇ ಸ್ಥಾನ. 15 ಅಂಡರ್, ಅಂದರೆ ಪಾರ್‌ಗಿಂತ 15 ಕಡಿಮೆ. ಬೆಳ್ಳಿಗೆ, ಕಂಚಿಗೆ ಪ್ಲೇ ಆಫ್ ಆಡಿದವರು 16 ಅಂಡರ್. ಒಂದೇ ಒಂದು ಹೊಡೆತ! ಪಟ್ಟಿಂಗ್ ನೋಡಲು ಬೆಳಗಿನ ಜಾವ ಎದ್ದು ಕೂತಿದ್ದೆವು. ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದ ನಮ್ಮ ತಾಯಿ ಕೂಡ 'ಅಯ್ಯೋ, ಅಂಚಿಗೆ ಬಂದು ನಿಂತುಬಿಡ್ತಲ್ಲ' ಅಂತ ಮರುಗಿದರು. ಆಕೆಯ ಬ್ಯಾಗ್ ಹೊತ್ತದ್ದೂ ಅವರ ತಾಯಿಯೇ.

ಹಟ್ಟಿ ಮೂರನೇ ಪಾಳಿ:
ಪಟರ್, ಪಟರ್, ಪಟರ್. ಇನ್ನೇನೂ ಹೇಳುವುದಿಲ್ಲ.

ತೋರಣಗಲ್ ಉಕ್ಕು:
ಅದಿತಿ ಹೆಸರು ತಂದರೆ ನಾನು ಏನು ಮಾತಾಡಲಿ. ಆದರೆ 5 ವುಡ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಗಂಗಾವತಿ ಸೋನಾ:
ಕೊಡುತ್ತೇನೆ. ಗ್ರೀನ್ ಮುಂದೆ ನೀರು ಇಲ್ಲ, ಬಂಕರ್ (ಮರಳಿನ ಹಳ್ಳ) ಇಲ್ಲ ಅಂದರೆ ನಿಮ್ಮ ಮಾತು ಸರಿ, ಉರುಳಿಸಿಕೊಂಡು ಹೋಗಬಹುದು. ಸೇಂಟ್ ಆಂಡ್ರ್ಯೂಸ್ ತರಹದ ಸಮುದ್ರ ದಂಡೆಯ ಮೈದಾನಗಳಲ್ಲಿ ನೆಲ ಗಟ್ಟಿ, ಚೆಂಡು ಓಡುತ್ತದೆ. ಅಲ್ಲಿ ನಾನೂ 5 ವುಡ್ ಇಡುತ್ತೇನೆ. 60 ಡಿಗ್ರಿ ವೆಜ್ಜನ್ನು ಬೇಕಾದರೆ ಹೊರಗೆ ಹಾಕುತ್ತೇನೆ. ಗಟ್ಟಿ ನೆಲದಲ್ಲಿ ಅದರ ಅಂಚು ಚೆಂಡಿನ ಕೆಳಗೆ ಹೋಗುವುದು ಕಷ್ಟ. ಆದರೆ ಅಲ್ಲಿ ನೂರಕ್ಕೂ ಜಾಸ್ತಿ ಬಂಕರ್ ಇವೆ, ಗೋಡೆಯ ಹಾಗೆ ನೆಟ್ಟಗೆ ನಿಂತಿರುವಂಥವು. ಒಳಗೆ ಬಿದ್ದಾಗ 60 ಇಲ್ಲವಲ್ಲ ಅಂತ ಅನಿಸಿಯೇ ಅನಿಸುತ್ತದೆ. ಎಲ್ಲವೂ ಇರಲಿ ಅಂದರೆ 14 ಸಾಲುವುದಿಲ್ಲ.

ಅಮೆರಿಕದ ಪೆಬಲ್ ಬೀಚ್ ಮೈದಾನದ ಏಳನೇ ಹೋಲ್ ತಗೊಳ್ಳಿ. ನೂರು ಗಜಕ್ಕೆ ಸ್ವಲ್ಪ ಮೇಲೆ, ಅಷ್ಟೇ. ಸುತ್ತ ಸಮುದ್ರ. ಗಾಳಿ ಇಲ್ಲದಿದ್ದರೆ ವೆಜ್ ಸಾಕು. ಗಾಳಿ ಎದ್ದರೆ ದೊಡ್ಡ ಆಟಗಾರರೂ ಉದ್ದ ಐರನ್ ತೆಗೆಯುತ್ತಾರೆ. 1992ರ ಯು.ಎಸ್. ಓಪನ್ ಕೊನೆಯ ದಿನ ಟಾಮ್ ಕೈಟ್ ಅಲ್ಲಿ ಗ್ರೀನ್ ತಪ್ಪಿಸಿಕೊಂಡು, ಪಕ್ಕದಿಂದ ಲಾಬ್ ವೆಜ್‌ನಲ್ಲಿ ಚಿಪ್ ಮಾಡಿ ಸೀದಾ ಗುಂಡಿಗೆ ಹಾಕಿದ. ಚಾಂಪಿಯನ್ ಆದ. ಅದೇ 60 ಡಿಗ್ರಿ ಕ್ಲಬ್ ತೋರಣಗಲ್ ಅಣ್ಣನಿಗೆ ದಂಡ ಅನಿಸುತ್ತದೆ.

ಮಾನ್ವಿ ಹುಡುಗ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಸಾರಿ. ನಾನು ಈಗ ಶುರು ಮಾಡಿದ್ದೇನೆ. ನನ್ನ ಹತ್ತಿರ ಕೊಟ್ಟ ಸೆಟ್ ಬಿಟ್ಟರೆ ಏನೂ ಇಲ್ಲ. ಬ್ಯಾಗ್‌ನಲ್ಲಿ ಎರಡು ಜಾಗ ಖಾಲಿ ಇದೆ. 14 ತುಂಬಲೇಬೇಕಾ?

ಬ್ಯಾಗ್ ಹೊತ್ತವ (ಯಲಬುರ್ಗಾ):
ಬೇಡ ತಮ್ಮಾ. 14 ಅನ್ನುವುದು ಮೇಲಿನ ಮಿತಿ. ನಿಯಮದಲ್ಲೂ ಹಾಗೇ, ಕಡಿಮೆ ಇಟ್ಟುಕೊಂಡು ಆಡಬಹುದು. ತುಂಬಲಿ ಅಂತ ಸಿಕ್ಕಿದ್ದು ಖರೀದಿಸಬೇಡ. ಈಗಿರುವ ಕ್ಲಬ್‌ಗಳನ್ನು ರೇಂಜ್‌ನಲ್ಲಿ ಗಾಳಿ ಇಲ್ಲದಾಗ ಒಂದೊಂದಾಗಿ ಹೊಡೆದು ದೂರ ಬರೆದುಕೋ. ಕಾರ್ಡ್ ಮೇಲಿನ ಅಂಕಿ ನೋಡಬೇಡ. ಚೆಂಡು ಎಲ್ಲಿ ಬಿತ್ತು, ಎಷ್ಟು ಉರುಳಿತು, ಎರಡನ್ನೂ ಬೇರೆ ಬೇರೆ ಬರಿ. ಮೊದಲ ಕಾಯಿನ್ ಕೂಡಿದಾಗ ವೆಜ್ ತಗೋ.

ಗಂಗಾವತಿ ಸೋನಾ:
ಮತ್ತೆ ನೆಟ್‌ವರ್ಕ್ ಚೆನ್ನಾಗಿರುವ ಕಡೆ ಕೂತು ಆಡು ಪುಟ್ಟಾ. ಮೀಟರ್ ಅರ್ಧ ಸೆಕೆಂಡ್ ತಡವಾಗಿ ನಿಂತರೆ ಯಾವ ಕ್ಲಬ್ ಇದ್ದರೂ ಅಷ್ಟೇ.

ಮಾನ್ವಿ ಹುಡುಗ:
ಮಾಳಿಗೆ ಮೇಲೆ ಮಾತ್ರ ಸಿಗ್ನಲ್ ಅಕ್ಕಾ 😄

ಕೋಟೆಗುಡ್ಡ (ಬಳ್ಳಾರಿ):
ಎಲ್ಲರ ಮಾತೂ ಓದಿದೆ. ನಿನ್ನೆ ರಾತ್ರಿ ಗಂಗಾವತಿ ಅಕ್ಕ ಮಾಡುವ ಹಾಗೆ ಒಂದು ರೌಂಡ್ ಪೂರ್ತಿ ಯಾವ ಕ್ಲಬ್ ಎತ್ತಿದೆ ಅಂತ ಬರೆದೆ. 3 ಐರನ್ ಒಂದು ಸಲವೂ ಎತ್ತಲಿಲ್ಲ. 3 ಹೈಬ್ರಿಡ್ ಎರಡು ಸಲ, ಎರಡೂ ರಫ್‌ನಿಂದ (ಉದ್ದ ಹುಲ್ಲು). ಚೆಂಡು ಸಲೀಸಾಗಿ ಎದ್ದು ಹೋಯಿತು. 5 ವುಡ್ ಒಂದು ಪಾರ್ 3ಗೆ, ಒಂದು ಪಾರ್ 5ಗೆ. 80ರಿಂದ 110ರ ನಡುವೆ ಐದು ಸಲ ಸಿಕ್ಕಿಕೊಂಡೆ. ಐದರಲ್ಲಿ ನಾಲ್ಕು ಸಲ ಚೆಂಡು ಗ್ರೀನ್ ಮೇಲಿತ್ತು, ಆದರೆ ಬಾವುಟದಿಂದ ದೂರ. ಮೂರು ಪಟ್ ಆದದ್ದೂ ಅಲ್ಲೇ.

ಒಂದು ಸಂಶಯ. ಹೈಬ್ರಿಡ್ ರಫ್‌ನಿಂದ ಯಾಕೆ ಅಷ್ಟು ಸುಲಭ? ದೂರ ನೋಡಿದರೆ 3 ಐರನ್‌ಗಿಂತ ಬರೀ 5 ಗಜ ಹೆಚ್ಚು.

ಬ್ಯಾಗ್ ಹೊತ್ತವ (ಯಲಬುರ್ಗಾ):
ತಲೆಯ ತೂಕ ಕೆಳಗೆ, ಹಿಂದೆ ಇರುತ್ತದೆ. ಅದಕ್ಕೆ ಚೆಂಡು ಬೇಗ ಮೇಲೇಳುತ್ತದೆ. ಕೆಳಗೆ ಅಗಲ ಇರುವುದರಿಂದ ಹುಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳದೆ ಜಾರಿಕೊಂಡು ಹೋಗುತ್ತದೆ. 3 ಐರನ್‌ನ ತೆಳು ಅಲಗು ಹುಲ್ಲಿಗೆ ಸಿಕ್ಕಿದರೆ ತಿರುಗಿಬಿಡುತ್ತದೆ. ನಾನು ಹೊತ್ತ ಬ್ಯಾಗ್‌ಗಳಲ್ಲಿ 3 ಐರನ್‌ಗೆ ಮಣ್ಣು ಮೆತ್ತಿದ್ದು ನೋಡಿದ್ದೇ ಅಪರೂಪ. ಒರೆಸುವ ಕೆಲಸ ಇರಲಿಲ್ಲ, ಆ ಲೆಕ್ಕದಲ್ಲಿ ನನಗೆ ಅದರ ಮೇಲೆ ಪ್ರೀತಿ.

ಶಕ್ತಿನಗರ ಶಿಫ್ಟ್ (ರಾಯಚೂರು):
ಒಂದು ರೌಂಡ್ ನೋಡಿ ತೀರ್ಮಾನ ಮಾಡುವುದು ಸರಿಯಲ್ಲ ಅಣ್ಣಾ. ಅವತ್ತಿನ ಮೈದಾನ ಗಿಡ್ಡ ಇದ್ದಿರಬಹುದು.

ಗಂಗಾವತಿ ಸೋನಾ:
ಇದು ಮಾತ್ರ ಶಕ್ತಿನಗರದವರು ಸರಿ ಹೇಳಿದರು. ಇನ್ನೂ ಒಂದಿಷ್ಟು ರೌಂಡ್ ಬರೆಯಿರಿ. ಬೇರೆ ಬೇರೆ ಮೈದಾನದಲ್ಲಿ.

ಕೋಟೆಗುಡ್ಡ (ಬಳ್ಳಾರಿ):
ಬರೆಯುತ್ತೇನೆ. ಆದರೆ 3 ಐರನ್ ಹೊರಗೆ, 52 ವೆಜ್ ಒಳಗೆ, ಇಷ್ಟಂತೂ ಇವತ್ತೇ ಮಾಡಿದೆ. ಉಳಿದ ಕಾಯಿನ್‌ನಲ್ಲಿ 60 ತಗೊಳ್ಳಬೇಕು ಅಂತಿದ್ದೆ. ಹಟ್ಟಿಯವರ ಮಾತು ತಲೆಯಲ್ಲಿ ಕೊರೆಯುತ್ತಿತ್ತು, ಕೊನೆಗೆ ಪಟರ್ ತಗೊಂಡೆ. ಹಳೆಯದರಲ್ಲಿ ಅಳತೆ ಪಟ್ಟಿ ತುಂಬಾ ಉದ್ದ. ನಾಲ್ಕು ಅಡಿ ಪಟ್‌ಗೆ ಬೆರಳು ಒಂದು ಕೂದಲೆಳೆ ಸರಿದರೆ ಸಾಕು, ಚೆಂಡು ಗುಂಡಿ ದಾಟಿ ಹೋಗುತ್ತಿತ್ತು. ಹೊಸದರಲ್ಲಿ ಹತ್ತಿರದ ಪಟ್‌ಗೆ ಪಟ್ಟಿ ಚಿಕ್ಕದಾಗುತ್ತದೆ.

ಈಗ ಬ್ಯಾಗ್: ಡ್ರೈವರ್, 3 ವುಡ್, 5 ವುಡ್, 3 ಹೈಬ್ರಿಡ್, 4ರಿಂದ 9ರವರೆಗೆ ಐರನ್, ಪಿಚಿಂಗ್, 52, 56, ಪಟರ್. 5 ವುಡ್ ಸದ್ಯಕ್ಕೆ ಇದೆ. 60ಕ್ಕೆ ಕಾಯಿನ್ ಕೂಡಿದಾಗ ಅದರ ಸರದಿ.

ತೋರಣಗಲ್ ಉಕ್ಕು:
5 ವುಡ್ ಉಳಿಯಿತು! ಇವತ್ತು ಕ್ಯಾಂಟೀನಲ್ಲಿ ಮಿರ್ಚಿ ಮಂಡಕ್ಕಿ ನನ್ನ ಲೆಕ್ಕ.

ಗಂಗಾವತಿ ಸೋನಾ:
4 ಐರನ್ ತೆಗೆದು 60 ಹಾಕುವ ದಾರಿಯೂ ಇದೆ. 200ರಿಂದ 175ಕ್ಕೆ ಅಂತರ 25 ಆಗುತ್ತದೆ. ಆ ದೂರದಿಂದ ನಾವು ಗ್ರೀನ್ ಮಧ್ಯಕ್ಕೆ ಗುರಿ ಇಡುವುದು, ಬಾವುಟಕ್ಕಲ್ಲ. ಅಲ್ಲಿ 25 ನಡೆಯುತ್ತದೆ.

ಕುಷ್ಟಗಿ ಗಾಳಿ:
ಅಕ್ಕಾ, 4 ಐರನ್ ಮುಟ್ಟಬೇಡಿ ಅಂತ ಮೇಲೇ ಹೇಳಿದ್ದೇನೆ. 160 ಗಜ, ಎದುರು ಗಾಳಿ 15. ಎಷ್ಟಾಯಿತು ಲೆಕ್ಕ ಹಾಕಿ.

ಗಂಗಾವತಿ ಸೋನಾ:
184. ಸರಿ ಮಾರಾಯರೇ, ಇರಲಿ ನಿಮ್ಮ 4 ಐರನ್.

ಶಕ್ತಿನಗರ ಶಿಫ್ಟ್ (ರಾಯಚೂರು):
ನಾನು ಆ ಡ್ರೈವರ್ ಖರೀದಿಸಿಬಿಟ್ಟೆ. ನನಗೆ ಯಾರೂ ಬುದ್ಧಿ ಹೇಳುವುದು ಬೇಡ. ಕೋಟೆಗುಡ್ಡ ಅಣ್ಣಾ, ನಾಳೆ ನನಗೆ ರಾತ್ರಿ ಪಾಳಿ ಇಲ್ಲ. ಒಂಬತ್ತೂವರೆಗೆ ಬನ್ನಿ. ಮೈದಾನ ನಾನು ಆರಿಸುತ್ತೇನೆ, ಒಂದೂ ಗಿಡ್ಡ ಹೋಲ್ ಇರುವುದಿಲ್ಲ.

ಕೋಟೆಗುಡ್ಡ (ಬಳ್ಳಾರಿ):
ಮೈದಾನ ನೀವು ಆರಿಸಿ, ಗಾಳಿ ಎಷ್ಟಿರಬೇಕು ಅಂತ ಕುಷ್ಟಗಿಯವರು ಹೇಳಲಿ.

ಕುಷ್ಟಗಿ ಗಾಳಿ:
18. ಎದುರು.